ಬೆಣಚುಕಲ್ಲಿನ ಮಿಡಿತ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟವಾದ ಅಡವಿಯ ನಡುವೆ, ಯಾಣವೆಂಬ ಕ್ಷೇತ್ರವಿದೆ. ಕಾಡಿನ ಹಸುರನ್ನು ಸೀಳಿಕೊಂಡು ಎದ್ದ ಎರಡು ಕಪ್ಪು ಶಿಖರಗಳು ಅಲ್ಲಿ ಆಕಾಶಕ್ಕೆ ಮುಖಮಾಡಿ ನಿಂತಿವೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು. ಮೋಹಿನಿ ಶಿಖರದ ಎತ್ತರ ಸುಮಾರು 90 ಮೀಟರು. ಭಸ್ಮಾಸುರನು ಮೋಹಿನಿಯ ಮಾಯೆಗೆ ಸಿಲುಕಿ ಬೂದಿಯಾದ ಸ್ಥಳ ಇದೇ ಎಂದು ಸ್ಥಳಪುರಾಣ ಹೇಳುತ್ತದೆ. ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ ಎಂಬ ಗಾದೆ ಈ ಸೀಮೆಯಲ್ಲಿ ಮನೆಮಾತು. ಗೋಕರ್ಣದ ಯಾತ್ರೆಗೆ ಹಣ ಬೇಕು. ಯಾಣದ ದಾರಿಯನ್ನು ತುಳಿಯಲು ಮೈಯಲ್ಲಿ ಕಸುವು, ಎದೆಯಲ್ಲಿ ಛಲ ಬೇಕು ಎಂಬುದು ಅದರ ತಾತ್ಪರ್ಯ.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಯಾಣಕ್ಕೆ ಕರೆದೊಯ್ದಿದ್ದೆ. ಸಂಜೆಯ ಕೊನೆಯ ಬಸ್ಸನ್ನು ಹಿಡಿಯಬೇಕಾಗಿತ್ತು. ನನ್ನ ಕೈಯಲ್ಲಿದ್ದುದು ದಿನವೂ ಕೀಲಿ ಕೊಡಬೇಕಾದ ಹಳೆಯ ಗಡಿಯಾರ. ಇನ್ನೂ ಹೊತ್ತಿದೆ ಎಂದು ನಾನು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ತನ್ನ ಕೈಗಡಿಯಾರವನ್ನು ನೋಡಿ, ನನ್ನದು ಆರು ನಿಮಿಷ ಹಿಂದಿದೆಯೆಂದು ಮೆಲ್ಲನೆ ತಿಳಿಸಿದ. ನಾವು ಕಾಡುದಾರಿಯಲ್ಲಿ ಓಡುತ್ತ ಬಂದೆವು. ಹೊರಡುತ್ತಿದ್ದ ಬಸ್ಸು ಹೇಗೋ ಸಿಕ್ಕಿತು. ಏದುಸಿರು ಇಳಿದ ಮೇಲೆ ಆ ಹುಡುಗ ಒಂದು ಪ್ರಶ್ನೆ ಕೇಳಿದ. ಕೀಲಿಯನ್ನೇ ಕೊಡದ ತನ್ನ ಸೆಲ್ಲಿನ ಗಡಿಯಾರ ಅಷ್ಟು ಸರಿಯಾಗಿ ಹೇಗೆ ನಡೆಯುತ್ತದೆ ಎಂಬುದು ಅವನ ಪ್ರಶ್ನೆ. ಅದರೊಳಗೆ ಒಂದು ಚೂರು ಕಲ್ಲಿದೆ, ಕಾಲವನ್ನು ಎಣಿಸುವುದು ಆ ಕಲ್ಲು ಎಂದೆ. ಹಾಗಾದರೆ ಯಾಣದ ಈ ಬೃಹತ್ ಬಂಡೆಯೂ ಕಾಲವನ್ನು ಎಣಿಸಬಲ್ಲದೆ ಎಂದು ಅವನು ಮತ್ತೆ ಕೇಳಿದ. ಆ ಎರಡು ಪ್ರಶ್ನೆಗಳಿಗೂ ಉತ್ತರ ಒಬ್ಬ ಮಹಾವ್ಯಕ್ತಿಯ ಜೀವನದಲ್ಲಿ ದೊರೆಯುತ್ತದೆ. ಅವರೇ ಫ್ರಾನ್ಸ್ ದೇಶದ ವಿಜ್ಞಾನಿ ಪಿಯರ್ ಕ್ಯೂರಿ.

ಪಿಯರ್ ಕ್ಯೂರಿ 1859ನೆಯ ಇಸವಿ ಮೇ 15ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಯೂಜೀನ್ ಕ್ಯೂರಿ ವೈದ್ಯರು. ಸಿರಿವಂತರಲ್ಲ, ಆದರೆ ವಿಜ್ಞಾನದಲ್ಲಿ ತೀವ್ರವಾದ ಆಸಕ್ತಿಯುಳ್ಳವರು. ಜಾಕ್ ಎಂಬವನು ಪಿಯರನ ಅಣ್ಣ. ಬಾಲಕ ಪಿಯರ್ ಇತರ ಮಕ್ಕಳಂತಿರಲಿಲ್ಲ. ಯಾವ ವಿಷಯವನ್ನು ಕೈಗೆತ್ತಿಕೊಂಡರೂ ಅದರಲ್ಲಿಯೇ ಮುಳುಗಿಬಿಡುವ ಸ್ವಭಾವ ಅವನದು. ಒಂದು ಪಾಠದಿಂದ ಇನ್ನೊಂದಕ್ಕೆ, ಒಂದು ಗಂಟೆಯಿಂದ ಮತ್ತೊಂದು ಗಂಟೆಗೆ ಥಟ್ಟನೆ ಹೊರಳುವುದು ಅವನಿಗೆ ಅಸಾಧ್ಯವಾಗಿತ್ತು. ಇಂತಹ ಮಗುವನ್ನು ಶಾಲೆಯ ಗಂಟೆಗೆ ಕಟ್ಟಿಹಾಕಿದರೆ ಅದರ ಬುದ್ಧಿ ಬಾಡಿಹೋದೀತೆಂದು ತಂದೆತಾಯಿಗಳು ಅರಿತುಕೊಂಡರು. ಅವನನ್ನು ಶಾಲೆಗೆ ಕಳುಹಿಸಲಿಲ್ಲ. ತಾಯಿ, ತಂದೆ ಮತ್ತು ಅಣ್ಣ ಮನೆಯಲ್ಲಿಯೇ ಪಾಠ ಹೇಳಿದರು. ಹೊಲ, ತೋಪು, ತೊರೆಗಳ ದಂಡೆ ಅವನ ಎರಡನೆಯ ಶಾಲೆಯಾದುವು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ಒಳ್ಳೆಯ ಗಣಿತದ ಅಧ್ಯಾಪಕರು ದೊರೆತ ಮೇಲೆ ಅವನ ಪ್ರತಿಭೆ ಮೊಗ್ಗೊಡೆಯಿತು.

ತಾನು ಮಂದಮತಿಯೆಂಬ ಅಳುಕು ಪಿಯರ್ ಅವರನ್ನು ಬಹುಕಾಲ ಬಿಡಲಿಲ್ಲ. ತಮ್ಮ ಮನಸ್ಸನ್ನು ಅವರು ಬುಗುರಿಗೆ ಹೋಲಿಸಿಕೊಂಡಿದ್ದುಂಟು. ಬುಗುರಿ ರಭಸವಾಗಿ ತಿರುಗತೊಡಗುವ ಮೊದಲೇ ಒಂದು ಮಾತು, ಒಂದು ಸಣ್ಣ ಘಟನೆ ಅದನ್ನು ತಡೆದು ನಿಲ್ಲಿಸಿಬಿಡುತ್ತದೆ ಎಂಬುದು ಅವರ ಕೊರಗಾಗಿತ್ತು. ಆದರೆ ಮಂದಮತಿಯೆಂದು ತಮ್ಮನ್ನು ತಾವೇ ಶಂಕಿಸಿಕೊಂಡ ಈ ತರುಣ ಹದಿನಾರನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಅರ್ಹತೆಯನ್ನು ಪಡೆದರು. ಹದಿನೆಂಟನೆಯ ವಯಸ್ಸಿನಲ್ಲಿ ವಿಜ್ಞಾನದ ಪದವಿಯನ್ನು ಗಳಿಸಿದರು. ಮುಂದೆ ಡಾಕ್ಟರೇಟ್ ಪದವಿಗೆ ಓದಬೇಕೆಂಬ ಬಯಕೆಯಿತ್ತು, ಕೈಯಲ್ಲಿ ಹಣವಿರಲಿಲ್ಲ. 1878ರಲ್ಲಿ ಅವರು ಸೋರ್ಬಾನ್ ವಿದ್ಯಾಪೀಠದ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸಕ್ಕೆ ಸೇರಿದರು. ಅಣ್ಣ ಜಾಕ್ ಅದೇ ವಿದ್ಯಾಪೀಠದ ಖನಿಜವಿಜ್ಞಾನ ಪ್ರಯೋಗಾಲಯದಲ್ಲಿದ್ದರು. ಅಣ್ಣನಿಗೆ ಹರಳುಗಳ ಪರಿಚಯ, ತಮ್ಮನಿಗೆ ಭೌತವಿಜ್ಞಾನದ ಒಲವು. ಈ ಎರಡರ ಕೂಡುವಿಕೆಯಿಂದ ಒಂದು ಅಪೂರ್ವವಾದ ಶೋಧ ಹುಟ್ಟಿತು.

ಬಿಳಿಯ ಬೆಣಚುಕಲ್ಲನ್ನು ನೀವೆಲ್ಲರೂ ಕಂಡಿದ್ದೀರಿ. ಕತ್ತಲೆಯಲ್ಲಿ ಅಂತಹ ಎರಡು ಕಲ್ಲುಗಳನ್ನು ಒಂದಕ್ಕೊಂದು ತಿಕ್ಕಿ, ಮಿನುಗುವ ಬೆಳಕನ್ನು ನೋಡಿ ನಲಿದ ಮಕ್ಕಳು ಹಳ್ಳಿಗಳಲ್ಲಿ ಹಲವರು. ಸಿಲಿಕಾನ್ ಮತ್ತು ಆಮ್ಲಜನಕಗಳು ಸೇರಿ ಆದ ಈ ಕಲ್ಲು ಶುದ್ಧವಾಗಿ, ಪಾರದರ್ಶಕವಾಗಿ, ಆರು ಮುಖಗಳ ಹರಳಾಗಿಯೂ ದೊರೆಯುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಕ್ವಾರ್ಟ್ಸ್ ಎನ್ನುವರು. ಕ್ಯೂರಿ ಸಹೋದರರು ಇಂತಹ ಹರಳಿನಿಂದ ತೆಳುವಾದ ಬಿಲ್ಲೆಗಳನ್ನು ಕೊಯ್ದು ತೆಗೆದರು. ಬಿಲ್ಲೆಯ ಎರಡು ಮುಖಗಳಿಗೂ ತವರದ ತೆಳುಹಾಳೆಯನ್ನು ಅಂಟಿಸಿ, ಅದನ್ನು ಅದುಮಿದರು. ಒಡನೆಯೇ ಒಂದು ಮುಖದಲ್ಲಿ ಧನ ವಿದ್ಯುತ್ತು, ಎದುರು ಮುಖದಲ್ಲಿ ಋಣ ವಿದ್ಯುತ್ತು ಕಾಣಿಸಿಕೊಂಡಿತು. ಒತ್ತಡವನ್ನು ಹೆಚ್ಚಿಸಿದಷ್ಟೂ ವಿದ್ಯುತ್ತು ಹೆಚ್ಚಿತು. ಟೂರ್ಮಲಿನ್, ಪುಷ್ಯರಾಗ, ಕಬ್ಬಿನ ಸಕ್ಕರೆಯ ಹರಳು ಮುಂತಾದವುಗಳಲ್ಲಿಯೂ ಈ ಗುಣವಿರುವುದನ್ನು ಅವರು ಕಂಡುಕೊಂಡರು. ಇದು 1880ರ ಮಾತು. ಆಗ ಪಿಯರ್ ಅವರಿಗೆ ಇಪ್ಪತ್ತೊಂದು ವರ್ಷ. ಒತ್ತು ಎಂಬ ಅರ್ಥದ ಗ್ರೀಕ್ ಪದದಿಂದ ಈ ವಿದ್ಯಮಾನಕ್ಕೆ ಪೀಜೋ ವಿದ್ಯುತ್ ಎಂಬ ಹೆಸರು ಬಂದಿತು.

ಇದು ಆಕಸ್ಮಿಕವಾಗಿ ಕೈಗೆ ಸಿಕ್ಕ ಶೋಧವಲ್ಲ. ಯಾವ ಹರಳು ವಿದ್ಯುತ್ತನ್ನು ಕೊಡಬಲ್ಲದು, ಯಾವುದು ಕೊಡಲಾರದು ಎಂಬುದನ್ನು ಅವರು ಹರಳಿನ ರಚನೆಯಿಂದಲೇ ಊಹಿಸಿದ್ದರು. ಯಾಣದ ಶಿಖರಗಳು ಸುಣ್ಣಕಲ್ಲಿನವು. ಸುಣ್ಣಕಲ್ಲಿನ ಹರಳಿನಲ್ಲಿ ಒಂದು ಕೇಂದ್ರವುಂಟು; ಆ ಕೇಂದ್ರದ ಒಂದು ಕಡೆಯಲ್ಲಿ ಕಣಗಳು ಹೇಗಿವೆಯೋ ಅದರ ನೇರ ಎದುರಿನಲ್ಲಿಯೂ ಅಷ್ಟೇ ದೂರದಲ್ಲಿ ಹಾಗೆಯೇ ಇವೆ. ಆದುದರಿಂದ ಅದನ್ನು ಎಷ್ಟೇ ಅದುಮಿದರೂ ಒಂದು ಕಡೆಯ ಪಲ್ಲಟವನ್ನು ಇನ್ನೊಂದು ಕಡೆಯ ಪಲ್ಲಟ ಸರಿದೂಗಿಸಿಬಿಡುತ್ತದೆ. ವಿದ್ಯುತ್ತು ಹೊರಗೆ ತೋರುವುದಿಲ್ಲ. ಬೆಣಚುಕಲ್ಲಿನ ಹರಳಿನಲ್ಲಿ ಕಣಗಳು ಸುರುಳಿಯಾಗಿ ಜೋಡಣೆಗೊಂಡಿವೆ. ಅಂತಹ ಕೇಂದ್ರ ಅದಕ್ಕಿಲ್ಲ. ಅದುಮಿದಾಗ ಸರಿದೂಗುವಿಕೆ ತಪ್ಪಿ ವಿದ್ಯುತ್ತು ಮೇಲೆದ್ದು ಬರುತ್ತದೆ. ಹೀಗೆ, ನೂರಿಪ್ಪತ್ತು ಮೀಟರಿನ ಬಂಡೆಗೆ ಇಲ್ಲದ ಶಕ್ತಿ ಬೆರಳುಗುರಿನಷ್ಟು ಬೆಣಚುಕಲ್ಲಿಗೆ ಇದೆ. ಆ ಹುಡುಗನ ಎರಡನೆಯ ಪ್ರಶ್ನೆಗೆ ಇದೇ ಉತ್ತರ.

ಅದುಮಿದರೆ ವಿದ್ಯುತ್ತು ಹುಟ್ಟುವುದಾದರೆ, ವಿದ್ಯುತ್ತನ್ನು ಕೊಟ್ಟರೆ ಹರಳು ಮಿಸುಕಬೇಕಲ್ಲವೆ? ಗೇಬ್ರಿಯಲ್ ಲಿಪ್‌ಮನ್ ಎಂಬ ವಿಜ್ಞಾನಿ 1881ರಲ್ಲಿ ಗಣಿತದ ಮೂಲಕ ಹಾಗೆಯೇ ಆಗಬೇಕೆಂದು ತೋರಿಸಿದರು. ಅದೇ ವರ್ಷ ಕ್ಯೂರಿ ಸಹೋದರರು ಪ್ರಯೋಗದಿಂದ ಅದನ್ನು ನಿಜಗೊಳಿಸಿದರು. ವಿದ್ಯುತ್ತು ಹರಿದಾಗ ಹರಳು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಈ ಗುಣವನ್ನು ಬಳಸಿಕೊಂಡು ಅವರು ಅತ್ಯಲ್ಪ ಪ್ರಮಾಣದ ವಿದ್ಯುತ್ತನ್ನೂ ಅಳೆಯಬಲ್ಲ ಸೂಕ್ಷ್ಮವಾದ ಉಪಕರಣವೊಂದನ್ನು ನಿರ್ಮಿಸಿದರು. ಅದಕ್ಕಿಂತ ಹೆಚ್ಚಿನ ಉಪಯೋಗ ಈ ಶೋಧಕ್ಕೆ ಆಗ ಯಾರಿಗೂ ತೋರಲಿಲ್ಲ. ಉಪಯೋಗವನ್ನು ಅರಸಿಕೊಂಡು ಅವರು ಹೊರಟವರೂ ಅಲ್ಲ. ಪ್ರಕೃತಿಯ ಗುಟ್ಟನ್ನು ತಿಳಿಯಬೇಕೆಂಬ ಹಂಬಲವೊಂದೇ ಅವರನ್ನು ನಡೆಸುತ್ತಿತ್ತು.

1883ರಲ್ಲಿ ಜಾಕ್ ಅಧ್ಯಾಪಕರಾಗಿ ಮಾಂಟ್‌ಪೆಲಿಯೆ ನಗರಕ್ಕೆ ಹೊರಟುಹೋದರು. ಅಣ್ಣತಮ್ಮಂದಿರ ಕೂಡುಕೆಲಸ ಅಲ್ಲಿಗೆ ನಿಂತಿತು. ಪಿಯರ್ ಪ್ಯಾರಿಸಿನಲ್ಲಿ ಹೊಸದಾಗಿ ಆರಂಭವಾಗಿದ್ದ ಕೈಗಾರಿಕಾ ಭೌತ ಮತ್ತು ರಸಾಯನ ಶಾಲೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥರಾದರು. ಅಲ್ಲಿ ಅವರು ಸುಮಾರು 22 ವರ್ಷ ದುಡಿದರು. ಸಂಬಳ ಅಲ್ಪ; ಸ್ವಂತ ಸಂಶೋಧನೆಗೆ ಪ್ರತ್ಯೇಕವಾದ ಕೊಠಡಿಯೂ ಇಲ್ಲ. ವಿದ್ಯಾರ್ಥಿಗಳ ಕೆಲಸ ಮುಗಿದ ಮೇಲೆ, ಓಣಿಯಂತಹ ಇಕ್ಕಟ್ಟಾದ ಜಾಗದಲ್ಲಿ ತಮ್ಮ ಉಪಕರಣಗಳನ್ನು ಇಟ್ಟುಕೊಂಡು ಅವರು ಪ್ರಯೋಗ ನಡೆಸುತ್ತಿದ್ದರು. ಅಷ್ಟರಲ್ಲಿಯೇ ಅಯಸ್ಕಾಂತ ವಸ್ತುಗಳ ಮೇಲೆ ಶಾಖದ ಪರಿಣಾಮವನ್ನು ಆಳವಾಗಿ ಅಭ್ಯಸಿಸಿದರು. ಪ್ರಬಲವಾದ ಅಯಸ್ಕಾಂತ ವಸ್ತುವೂ ಒಂದು ನಿರ್ದಿಷ್ಟ ತಾಪವನ್ನು ಮೀರಿದಾಗ ಆ ಪ್ರಾಬಲ್ಯವನ್ನು ಕಳೆದುಕೊಳ್ಳುತ್ತದೆ. ಆ ತಾಪವನ್ನು ಇಂದಿಗೂ ಕ್ಯೂರಿ ತಾಪವೆಂದೇ ಕರೆಯುತ್ತಾರೆ. ಒಂದು ವಿದ್ಯಮಾನ ತಲೆದೋರಬೇಕಾದರೆ ಎಲ್ಲಿಯೋ ಸಮಮಿತಿಯ ಕೊರತೆ ಇರಲೇಬೇಕೆಂಬ ತತ್ತ್ವವನ್ನು 1894ರಲ್ಲಿ ಪ್ರತಿಪಾದಿಸಿದರು. ಹರಳಿನಲ್ಲಿ ಮೊಳೆತ ಚಿಂತನೆ ಹೀಗೆ ಪ್ರಕೃತಿಯ ಒಂದು ಸಾಮಾನ್ಯ ನಿಯಮವಾಗಿ ಬೆಳೆಯಿತು. ಆದರೂ ಅವರು ಡಾಕ್ಟರೇಟ್ ಪದವಿಯನ್ನು ಪಡೆದದ್ದು 1895ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ. ಪದವಿಗಾಗಿ ಅವಸರಪಡುವ ಸ್ವಭಾವವೇ ಅವರದಾಗಿರಲಿಲ್ಲ.

1894ರ ವಸಂತಕಾಲದಲ್ಲಿ ಪೋಲೆಂಡಿನಿಂದ ಓದಲು ಬಂದಿದ್ದ ಮಾರ್ಯಾ ಸ್ಕ್ಲೊಡೊವ್‌ಸ್ಕ ಎಂಬ ತರುಣಿಯ ಪರಿಚಯವಾಯಿತು. ಇಬ್ಬರ ಬಡತನವೂ ಒಂದೇ, ಇಬ್ಬರ ಧ್ಯೇಯವೂ ಒಂದೇ. 1895ರ ಜುಲೈ 26ರಂದು ಯಾವ ಆಡಂಬರವೂ ಇಲ್ಲದೆ ಅವರ ವಿವಾಹ ನೆರವೇರಿತು. ಉಡುಗೊರೆಯಾಗಿ ಬಂದ ಹಣದಿಂದ ದಂಪತಿಗಳು ಎರಡು ಸೈಕಲ್ಲುಗಳನ್ನು ಕೊಂಡು ಹಳ್ಳಿಗಾಡನ್ನು ಸುತ್ತಿದರು. ಲೋಕವಿಖ್ಯಾತರಾದ ಮೇರಿ ಕ್ಯೂರಿ ಇವರೇ.

ಯುರೇನಿಯಮ್ ಲೋಹದಿಂದ ವಿಚಿತ್ರವಾದ ಕಿರಣಗಳು ಹೊರಡುತ್ತವೆಂಬುದನ್ನು 1896ರಲ್ಲಿ ಹೆನ್ರಿ ಬೆಕೆರೆಲ್ ಕಂಡುಹಿಡಿದಿದ್ದರು. ಮೇರಿ ಆ ಕಿರಣಗಳ ಅಭ್ಯಾಸಕ್ಕೆ ಕೈಹಾಕಿದರು. ಕಿರಣಗಳಿಂದ ಗಾಳಿಯಲ್ಲಿ ಹುಟ್ಟುವ ವಿದ್ಯುತ್ತು ಅತ್ಯಂತ ಕ್ಷೀಣವಾದುದು. ಅದನ್ನು ಅಳೆಯುವ ಬಗೆಯೇನು? ಹದಿನೈದು ವರ್ಷಗಳಿಗೂ ಹಿಂದೆ ಅಣ್ಣತಮ್ಮಂದಿರು ಮಾಡಿದ ಬೆಣಚುಕಲ್ಲಿನ ಉಪಕರಣ ಈಗ ನೆರವಿಗೆ ಬಂದಿತು. ಹರಳಿನ ಬಿಲ್ಲೆಗೆ ತೂಕವನ್ನು ತೂಗುಹಾಕಿ, ಅದರಿಂದ ಹೊಮ್ಮುವ ವಿದ್ಯುತ್ತಿನೊಡನೆ ಕಿರಣಗಳ ವಿದ್ಯುತ್ತನ್ನು ಸರಿದೂಗಿಸಿ, ಅದಕ್ಕೆ ಹಿಡಿದ ಕಾಲವನ್ನು ಗಡಿಯಾರದಿಂದ ಗುರುತಿಸುತ್ತಿದ್ದರು. ತಮ್ಮ ಹರಳಿನ ಕೆಲಸವನ್ನು ಬದಿಗಿಟ್ಟು ಪಿಯರ್ ಕೂಡ ಪತ್ನಿಯ ಜೊತೆಗೂಡಿದರು. 1898ರಲ್ಲಿ ಪೊಲೋನಿಯಮ್ ಮತ್ತು ರೇಡಿಯಮ್ ಎಂಬ ಎರಡು ಹೊಸ ಧಾತುಗಳು ಇರುವುದನ್ನು ಅವರು ಜಗತ್ತಿಗೆ ಸಾರಿದರು. ಸೋರುವ ಮಾಡಿನ, ಚಳಿಗೆ ಮರೆಯಿಲ್ಲದ ಒಂದು ಹಳೆಯ ಕೊಟ್ಟಿಗೆಯೇ ಅವರ ಪ್ರಯೋಗಾಲಯ. ಟನ್ನುಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಸೋಸಿ, ಬೇರ್ಪಡಿಸಿ 1902ರ ವೇಳೆಗೆ ಪಡೆದ ಶುದ್ಧ ರೇಡಿಯಮ್ ಲವಣ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಮಾತ್ರ.

1903ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬೆಕೆರೆಲ್ ಅವರಿಗೂ ಕ್ಯೂರಿ ದಂಪತಿಗಳಿಗೂ ದೊರೆಯಿತು. ಮೊದಲು ಸೂಚಿತವಾದ ಹೆಸರುಗಳಲ್ಲಿ ಮೇರಿಯವರದು ಇರಲಿಲ್ಲ. ಈ ಸುಳಿವು ತಿಳಿದೊಡನೆ ಪಿಯರ್ ಪತ್ರ ಬರೆದು, ಈ ಕಾರ್ಯದಲ್ಲಿ ಪತ್ನಿಯ ಪಾತ್ರವನ್ನು ಮರೆಯಲಾಗದೆಂದು ಸ್ಪಷ್ಟಪಡಿಸಿದರು. ಫ್ರೆಂಚ್ ಸರಕಾರದ ಗೌರವ ಪದಕವನ್ನು ಕೊಡಿಸುವ ಪ್ರಸ್ತಾಪ ಬಂದಾಗ ತಮಗೆ ಪದಕದ ಅವಶ್ಯಕತೆಯಿಲ್ಲ, ಪ್ರಯೋಗಾಲಯದ ಅವಶ್ಯಕತೆಯಿದೆ ಎಂದು ಉತ್ತರಿಸಿದರು. ರೇಡಿಯಮ್ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ದಂಪತಿಗಳು ಕುಬೇರರಾಗಬಹುದಿತ್ತು. ವಿದ್ಯೆ ಎಲ್ಲರ ಸೊತ್ತೆಂದು ಬಗೆದು ಅವರು ಅದನ್ನು ಮುಕ್ತವಾಗಿ ಪ್ರಕಟಿಸಿದರು.

1904ರಲ್ಲಿ ಪಿಯರ್ ಕ್ಯೂರಿ ಸೋರ್ಬಾನಿನ ಪ್ರಾಧ್ಯಾಪಕರಾದರು. ಬಯಸಿದ್ದ ಅನುಕೂಲಗಳು ಆಗತಾನೆ ಕೈಗೂಡತೊಡಗಿದ್ದುವು. ಆದರೆ ವಿಧಿಯ ಆಟವೇ ಬೇರೆಯಾಗಿತ್ತು. 1906ರ ಏಪ್ರಿಲ್ 19, ಮಳೆ ಸುರಿಯುತ್ತಿದ್ದ ಗುರುವಾರ. ಪ್ಯಾರಿಸಿನ ಡೋಫಿನ್ ಬೀದಿಯನ್ನು ದಾಟುತ್ತಿದ್ದ ಅವರು ಕಾಲು ಜಾರಿ, ಕುದುರೆಗಳು ಎಳೆಯುತ್ತಿದ್ದ ಭಾರದ ಬಂಡಿಯ ಚಕ್ರಕ್ಕೆ ಸಿಲುಕಿದರು. ಅಲ್ಲಿಯೇ ಪ್ರಾಣ ಹೋಯಿತು. ಆಗ ಅವರಿಗೆ ನಲವತ್ತೇಳು ತುಂಬಿರಲಿಲ್ಲ. ಹಿರಿಯ ಮಗಳು ಐರೀನಳಿಗೆ ಎಂಟು ವರ್ಷ. ಕಿರಿಯವಳಾದ ಈವ್ ಇನ್ನೂ ಎಳೆಯ ಕೂಸು. ಅವರು ಬಿಟ್ಟುಹೋದ ಪಾಠಪೀಠವನ್ನು ಮೇರಿ ಏರಿದರು. ಸೋರ್ಬಾನಿನಲ್ಲಿ ಪಾಠ ಹೇಳಿದ ಮೊದಲ ಮಹಿಳೆಯೆನಿಸಿದರು. 1995ರಲ್ಲಿ ಫ್ರಾನ್ಸ್ ದೇಶ ಇಬ್ಬರ ಅವಶೇಷಗಳನ್ನೂ ತನ್ನ ಮಹನೀಯರ ಸ್ಮಾರಕಮಂದಿರವಾದ ಪ್ಯಾಂಥಿಯನ್‌ನಲ್ಲಿ ಇರಿಸಿ ಗೌರವಿಸಿತು.

ಬೆಣಚುಕಲ್ಲಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಪಿಯರ್ ಅವರ ಶಿಷ್ಯ ಪಾಲ್ ಲಾಂಜ್‌ವಿನ್, ಕಡಲಿನೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಹರಳಿನ ಕಂಪನವನ್ನು ಬಳಸಿದರು. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಎಂಬವರು ಹರಳಿನಿಂದ ನಡೆಯುವ ಮೊದಲ ಗಡಿಯಾರವನ್ನು ನಿರ್ಮಿಸಿದರು. ಅದು ಕೈಗೆ ಕಟ್ಟುವ ವಸ್ತುವಲ್ಲ, ದೊಡ್ಡ ಯಂತ್ರ. ಅದು ಮಣಿಕಟ್ಟಿಗೆ ಇಳಿಯಲು ಇನ್ನೂ ನಾಲ್ಕು ದಶಕಗಳು ಬೇಕಾದುವು. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿ ಅಂತಹ ಮೊದಲ ಕೈಗಡಿಯಾರವನ್ನು ಮಾರಾಟಕ್ಕೆ ತಂದಾಗ ಅದರ ಬೆಲೆ ಒಂದು ಸಣ್ಣ ಮೋಟಾರುಕಾರಿನ ಬೆಲೆಯಷ್ಟಿತ್ತು. ನಮ್ಮ ನಾಡಿನಲ್ಲಿ 1961ರಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿತು. ಮೊದಲು ಅಲ್ಲಿ ತಯಾರಾದುವು ಕೀಲಿಯ ಗಡಿಯಾರಗಳು. 1980ರ ದಶಕದಲ್ಲಿ ಅಲ್ಲಿಯೂ, ನೆರೆಯ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆಯಲ್ಲಿಯೂ ಹರಳಿನ ಗಡಿಯಾರಗಳು ಸಿದ್ಧವಾದುವು. ಹೀಗೆ ಪ್ಯಾರಿಸಿನ ಅಣ್ಣತಮ್ಮಂದಿರ ಶೋಧ ಒಂದು ಶತಮಾನದ ತರುವಾಯ ಕನ್ನಡಿಗರ ಕೈಯನ್ನು ಸೇರಿತು.

ಈಗ ಆ ಹುಡುಗನ ಮೊದಲ ಪ್ರಶ್ನೆಗೆ ಬರೋಣ. ಕೀಲಿಯ ಗಡಿಯಾರದಲ್ಲಿ ಒಂದು ಪುಟ್ಟ ಚಕ್ರ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಅದು ಸೆಕೆಂಡಿಗೆ ಸಾಮಾನ್ಯವಾಗಿ ಐದರಿಂದ ಎಂಟು ಬಾರಿ ಮಿಡಿಯುತ್ತದೆ. ಕೈ ಅಲುಗಿದರೆ, ಎಣ್ಣೆ ಆರಿದರೆ, ಸೆಕೆ ಹೆಚ್ಚಿದರೆ ಅದರ ಓಟ ವ್ಯತ್ಯಾಸವಾಗುತ್ತದೆ. ಸೆಲ್ಲಿನ ಗಡಿಯಾರದಲ್ಲಿ ಆ ಚಕ್ರದ ಸ್ಥಾನದಲ್ಲಿ ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ, ಕೆಲವೇ ಮಿಲಿಮೀಟರು ಉದ್ದದ ಹರಳಿದೆ. ಗಾಳಿ ತೆಗೆದ ಪುಟ್ಟ ಲೋಹದ ಕೊಳವೆಯೊಳಗೆ ಅದು ಭದ್ರವಾಗಿರುತ್ತದೆ. ಸೆಲ್ಲಿನ ಅಲ್ಪ ವಿದ್ಯುತ್ತು ತಾಗಿದೊಡನೆ ಹರಳು ಬಾಗುತ್ತದೆ. ಬಾಗಿದ ಹರಳು ತಾನೂ ವಿದ್ಯುತ್ತಿನ ಸೂಚನೆಯನ್ನು ಹಿಂತಿರುಗಿಸುತ್ತದೆ. ಆ ಸೂಚನೆಗೆ ಅನುಗುಣವಾಗಿ ವಿದ್ಯುನ್ಮಂಡಲ ಮತ್ತೆ ಅದನ್ನು ತಟ್ಟುತ್ತದೆ. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಅದರ ತೂಗಿಗೆ ಸರಿಯಾಗಿ ಮತ್ತೆ ಮತ್ತೆ ನೂಕುವಂತೆ ಈ ಕ್ರಿಯೆ ನಡೆಯುತ್ತದೆ. ಹೀಗೆ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ.

ಈ ಸಂಖ್ಯೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಒಂದನ್ನು ಹದಿನೈದು ಸಲ ಇಮ್ಮಡಿಸಿ ನೋಡಿ, 32,768 ಬರುತ್ತದೆ. ಆದುದರಿಂದ ಗಡಿಯಾರದೊಳಗಿನ ವಿದ್ಯುನ್ಮಂಡಲ ಈ ಕಂಪನಗಳನ್ನು ಹದಿನೈದು ಸಲ ಅರ್ಧಿಸಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಆ ಮಿಡಿತ ಒಂದು ತಂತಿಸುರುಳಿಯನ್ನು ಕ್ಷಣಕಾಲ ಅಯಸ್ಕಾಂತವನ್ನಾಗಿ ಮಾಡುತ್ತದೆ. ಅದರೆದುರಿನ ಪುಟ್ಟ ಅಯಸ್ಕಾಂತದ ಗಾಲಿ ಅರ್ಧ ಸುತ್ತು ತಿರುಗುತ್ತದೆ. ಹಲ್ಲಿನ ಚಕ್ರಗಳ ಮೂಲಕ ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಮುಂದಿಡುತ್ತದೆ. ಇಂತಹ ಸಾಧಾರಣ ಗಡಿಯಾರವೂ ತಿಂಗಳಿಗೆ ಸುಮಾರು ಹದಿನೈದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಶಾಲೆಯ ಗಂಟೆಗೆ ಹೊಂದಿಕೊಳ್ಳಲಾರದ ಬಾಲಕ, ತನ್ನ ಬುದ್ಧಿ ನಿಧಾನವೆಂದು ಅಳುಕಿದ ತರುಣ, ಮನುಕುಲಕ್ಕೆ ಇಷ್ಟು ಕರಾರುವಾಕ್ಕಾದ ಗಡಿಯಾರದ ಬೀಜವನ್ನು ಬಿತ್ತಿಹೋದ. ಇಂದು ಶಾಲೆಗಳ ಗೋಡೆಯ ಮೇಲೆ ಗಂಟೆಯನ್ನು ತೋರಿಸುತ್ತಿರುವ ಗಡಿಯಾರಗಳೂ ಬಹುಮಟ್ಟಿಗೆ ಆ ಹರಳಿನ ಮಿಡಿತದಿಂದಲೇ ನಡೆಯುತ್ತಿವೆ. ತರಗತಿಯಲ್ಲಿ ಉತ್ತರಕ್ಕೆ ಮೊದಲು ಕೈಯೆತ್ತದ ಮಗುವಿನ ಒಳಗೆ ಏನು ಮಿಡಿಯುತ್ತಿದೆಯೆಂದು ನಾವು ಅಧ್ಯಾಪಕರು ಎಷ್ಟೋ ಸಲ ಅರಿಯುವುದಿಲ್ಲ. ಪಿಯರ್ ಅವರ ತಂದೆತಾಯಿಗಳು ಅದನ್ನು ಅರಿತು ಕಾದರು. ಆ ಕಾಯುವಿಕೆಯ ಫಲವನ್ನು ಲೋಕವೇ ಉಣ್ಣುತ್ತಿದೆ.

ಯಾಣದ ಗುಹೆಯೊಳಗೆ ಶಿವಲಿಂಗದ ಮೇಲೆ ನೀರು ತೊಟ್ಟುತೊಟ್ಟಾಗಿ ಇಳಿಯುತ್ತದೆ. ಆ ಬಂಡೆಗಳನ್ನು ಕೊರೆದು, ಕಡೆದು, ಶಿಖರಗಳ ರೂಪವನ್ನು ಕೊಟ್ಟದ್ದೂ ಅಂತಹ ಹನಿಗಳೇ. ಅದಕ್ಕೆ ಎಷ್ಟೋ ಸಾವಿರ ವರ್ಷಗಳು ಬೇಕಾದುವು. ಪಿಯರ್ ಕ್ಯೂರಿಯವರ ಸಾಧನೆಯೂ ಆ ಬಗೆಯದು. ಅವರ ಬಳಿ ರೊಕ್ಕವಿರಲಿಲ್ಲ. ಅವರು ಹಿಡಿದದ್ದು ಯಾಣದ ದಾರಿ. ಅವಸರವಿಲ್ಲದೆ, ಆಯಾಸವೆನ್ನದೆ, ಒಂದೊಂದೇ ಹೆಜ್ಜೆಯಿಟ್ಟು ಅವರು ಆ ದಾರಿಯನ್ನು ನಡೆದರು.